ಸಮಾನಾಭಿರುಚಿಯ ಮಾತು

ಮಾತು ಬಲ್ಲವನು ಮಾಣಿಕ್ಯ ತಂದನೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಆದರೆ ಆ ಮಾಣಿಕ್ಯವನ್ನು ತರುವ ಮಾತು ಯಾವುದೆಂಬ ವಿಚಾರವನ್ನು ಹೆಚ್ಚು ಮಂದಿ ಮಾಡಿದಂತಿಲ್ಲ. ಸಭೆಯಲ್ಲಿ ನಿಂತು ಗಂಟೆಗಟ್ಟಲೆ ಭಾಷಣ ಮಾಡಬಲ್ಲವನು ಭೋಜನದ ಪಂಕ್ತಿಯಲ್ಲಿ ಎಡಬಲದವರೊಡನೆ ಎರಡು ಮಾತನಾಡಲಾರದೆ ತಲೆ ತಗ್ಗಿಸಿ ಉಣ್ಣುವುದುಂಟು. ಅರ್ಜಿಯಲ್ಲಿ ಬರೆಯುವ ಮಾತು ಬೇರೆ. ಅಧಿಕಾರಿಗೆ ಒಪ್ಪಿಸುವ ಮಾತು ಬೇರೆ. ಇಬ್ಬರು ಅಪರಿಚಿತರು ಪರಿಚಿತರಾಗುವ ಮಾತು ಬೇರೆ. ಮೊದಲೆರಡನ್ನು ಶಾಲೆಗಳು ಹೇಗೋ ಕಲಿಸುತ್ತಿವೆ. ಮೂರನೆಯದನ್ನು ತಾನಾಗಿ ಬರುವ ವಿದ್ಯೆಯೆಂದು ತಿಳಿದು ಕೈಬಿಟ್ಟಿವೆ. ತಾಯ್ನುಡಿಯಲ್ಲಿ ಅದು ತಾನಾಗಿ ಬರುವುದು ನಿಜ, ಪರಭಾಷೆಯಲ್ಲಿ ಬರುವುದಿಲ್ಲ.

ಈ ಕೊರತೆಯು ಎಲ್ಲಕ್ಕಿಂತ ಸ್ಫುಟವಾಗಿ ಕಾಣುವ ಸ್ಥಳವೆಂದರೆ ಬೆಂಗಳೂರಿನ ಹೊರವಲಯ. ಪೂರ್ವದ ವೈಟ್‌ಫೀಲ್ಡ್ 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರ ಕೃಷಿವಸತಿಗೆಂದು ಭೂಮಿಯನ್ನಿತ್ತುದರಿಂದ ಹುಟ್ಟಿದ ಊರು. ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯು ಕಿಯೋನಿಕ್ಸ್ ಸಂಸ್ಥೆಯ ಮೊದಲ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಕನಸು, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ 1970ರ ದಶಕದ ಕೊನೆಗೆ ಅದು ರೂಪುಗೊಂಡಿತು. ಅದೇ ದಶಕದಲ್ಲಿ ವಾಯವ್ಯದ ಪೀಣ್ಯವು ಸಣ್ಣ ಕೈಗಾರಿಕೆಗಳ ಮಹಾಕ್ಷೇತ್ರವಾಗಿ ಬೆಳೆಯಿತು. 2014ರಲ್ಲಿ ಪೀಣ್ಯಕ್ಕೂ 2023ರಲ್ಲಿ ವೈಟ್‌ಫೀಲ್ಡಿಗೂ 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೋ ರೈಲು ಬಂದು ಮುಟ್ಟಿತು. ರಾಗಿಯ ಹೊಲಗಳಿದ್ದೆಡೆಯಲ್ಲಿ ಇಂದು ಒಡಿಶಾದ ತರುಣನೂ ತಮಿಳುನಾಡಿನ ತರುಣಿಯೂ ಹಾವೇರಿಯ ಹುಡುಗನೂ ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಾರೆ. ಇವರ ನಡುವೆ ಸಮುದ್ರದಾಚೆಯಿಂದ ಬಂದವರೂ ಇದ್ದಾರೆ. ಕೊರಿಯಾ ದೇಶದ ಸ್ಯಾಮ್‌ಸಂಗ್ ಸಂಸ್ಥೆಯು 1996ರಿಂದಲೇ ಬೆಂಗಳೂರಿನಲ್ಲಿ ಸಂಶೋಧನಾಲಯವನ್ನು ನಡೆಸುತ್ತಿದೆ. ಆ ದೇಶದ ಇತರ ಉದ್ದಿಮೆಗಳ ತಂತ್ರಜ್ಞರೂ ಬಂದು ಹೋಗುತ್ತಿರುತ್ತಾರೆ. ಇಂಗ್ಲಿಷ್ ಇವರಲ್ಲಿ ಯಾರ ಮನೆಮಾತೂ ಅಲ್ಲ. ಆದರೂ ಇವರೆಲ್ಲರ ನಡುವಣ ಸೇತುವೆ ಬಹುಮಟ್ಟಿಗೆ ಅದೇ ಆಗಿದೆ.

ತುಮಕೂರು ಸೀಮೆಯ ಹಳ್ಳಿಯಿಂದ ಬಂದು, ಡಿಪ್ಲೊಮಾ ಮುಗಿಸಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತು ಯಂತ್ರದ ಕೆಲಸದಲ್ಲಿ ಪಳಗಿದ ಒಬ್ಬ ತರುಣನನ್ನು ಮನಸ್ಸಿಗೆ ತಂದುಕೊಳ್ಳಬಹುದು. ಬಿಡಿಭಾಗಗಳ ಗುಣವನ್ನು ಪರೀಕ್ಷಿಸಲು ಕೊರಿಯಾದ ಎಂಜಿನಿಯರ್ ಒಬ್ಬನು ಬರುತ್ತಾನೆ. ಅಳತೆ, ತಾಳಿಕೆ, ನಕ್ಷೆ ಇವುಗಳ ವಿಚಾರದಲ್ಲಿ ಇಬ್ಬರಿಗೂ ತೊಡಕಿಲ್ಲ. ಅಂಕಿಗಳು ಎಲ್ಲರಿಗೂ ಒಂದೇ. ಚಹಾದ ವೇಳೆ ಬರುತ್ತದೆ. ಅತಿಥಿಯು ತನ್ನ ದೇಶದ ಶಾಲೆಯಲ್ಲಿ ಕಲಿತ ಪ್ರಶ್ನೆಯನ್ನು ಕೇಳುತ್ತಾನೆ: ‘ವಾಟ್ ಈಸ್ ಯುವರ್ ಹಾಬಿ?’ ಈತನು ತನ್ನ ಶಾಲೆಯಲ್ಲಿ ಕಂಠಪಾಠ ಮಾಡಿದ ಪ್ರಬಂಧದ ಮೊದಲ ವಾಕ್ಯವನ್ನು ಒಪ್ಪಿಸುತ್ತಾನೆ: ‘ಮೈ ಹಾಬಿ ಈಸ್ ರೀಡಿಂಗ್ ಬುಕ್ಸ್.’ ಆತನು ‘ಓ, ಗುಡ್’ ಎನ್ನುತ್ತಾನೆ. ಅಲ್ಲಿಗೆ ಸಂಭಾಷಣೆಯ ಸಮಾಪ್ತಿ. ವಾಸ್ತವದಲ್ಲಿ ಈ ತರುಣನು ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮುಟ್ಟಿದವನಲ್ಲ. ಅವನ ಭಾನುವಾರಗಳು ಗೆಳೆಯರೊಡನೆ ಶಿವಗಂಗೆಯ ಬೆಟ್ಟ ಹತ್ತುವುದರಲ್ಲಿ ಕಳೆಯುತ್ತವೆ. ಆ ಅತಿಥಿಯ ಭಾನುವಾರಗಳೂ ಸೋಲ್ ನಗರದ ಅಂಚಿನ ಬುಖಾನ್‌ಸಾನ್ ಬೆಟ್ಟಗಳಲ್ಲಿ ಕಳೆದವುಗಳೇ. ಬೆಟ್ಟದ ಹುಚ್ಚಿನವರು ಇಬ್ಬರು ಎದುರೆದುರು ಕುಳಿತು ಚಹಾದ ಲೋಟವನ್ನೇ ನೋಡುತ್ತ ಹತ್ತು ನಿಮಿಷ ಕಳೆಯುತ್ತಾರೆ. ಇಂತಹ ಇಬ್ಬರ ಕಥೆ ಕಲ್ಪಿತವಾದರೂ ಇಂತಹ ಮೌನವು ಕಲ್ಪಿತವಲ್ಲ. ಅದು ಹೊರವಲಯದ ಊಟದ ಮನೆಗಳಲ್ಲಿ ದಿನವೂ ಕಾಣುವಂತಹುದು.

ಇಲ್ಲಿ ದೋಷವು ಶಬ್ದಸಂಪತ್ತಿಯದಲ್ಲ. ಇಬ್ಬರಿಗೂ ಬೇಕಾದಷ್ಟು ಶಬ್ದಗಳಿದ್ದವು. ವ್ಯಾಕರಣದ ದೋಷವೂ ಅಲ್ಲ. ಆಡಿದ ವಾಕ್ಯಗಳೆಲ್ಲ ಶುದ್ಧವಾಗಿದ್ದವು. ದೋಷವಿರುವುದು ಪ್ರಶ್ನೋತ್ತರಗಳೆರಡೂ ಪರೀಕ್ಷೆಯ ಪ್ರಶ್ನೋತ್ತರಗಳಾದುದರಲ್ಲಿ. ‘ಹಾಬಿ ಯಾವುದು’ ಎಂಬ ಪ್ರಶ್ನೆಯು ಒಂದು ಹೆಸರನ್ನು ಬೇಡುತ್ತದೆ. ಹೆಸರು ದೊರೆತೊಡನೆ ತೃಪ್ತವಾಗುತ್ತದೆ. ಇಂಗ್ಲಿಷರು ತಮ್ಮತಮ್ಮಲ್ಲಿ ಮಾತನಾಡುವಾಗ ಈ ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳುವುದು ವಿರಳ. ಬಿಡುವಿನಲ್ಲಿ ಏನು ಮಾಡುತ್ತೀರಿ, ಕಳೆದ ಭಾನುವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕ್ರಿಯೆಯ ದಾರಿಯಿಂದ ಅವರು ಅಭಿರುಚಿಯನ್ನು ಸಮೀಪಿಸುತ್ತಾರೆ. ನಾಮಪದದಿಂದ ಮಾತು ನಿಲ್ಲುತ್ತದೆ. ಕ್ರಿಯಾಪದದಿಂದ ಮಾತು ನಡೆಯುತ್ತದೆ. ಕಲಿಸಬೇಕಾದ ಮೊದಲ ಸೂತ್ರವೇ ಇದು.

ಕೊರಿಯದವನಿಗೂ ಕನ್ನಡಿಗನಿಗೂ ಇಂಗ್ಲಿಷಿನ ಈ ಹಾದಿಯಲ್ಲಿ ಕಾಲು ಜಾರುವ ಸ್ಥಳಗಳು ಬಹುಪಾಲು ಒಂದೇ ಆಗಿರುವುದು ಕೌತುಕದ ಸಂಗತಿ. ಎರಡು ಭಾಷೆಗಳಲ್ಲಿಯೂ ಕ್ರಿಯಾಪದವು ವಾಕ್ಯದ ಕಡೆಗೆ ಬರುತ್ತದೆ; ಪ್ರತ್ಯಯಗಳು ಶಬ್ದದ ಬೆನ್ನಿಗೆ ಅಂಟುತ್ತವೆ. 1886ರಲ್ಲಿ ಅಧ್ಯಾಪಕನಾಗಿ ಕೊರಿಯಾಕ್ಕೆ ಹೋದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ನನು ಈ ಹೋಲಿಕೆಗಳಿಗೆ ಮರುಳಾಗಿ, ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ತೂಗಿ ನೋಡುವ ತೌಲನಿಕ ವ್ಯಾಕರಣವೊಂದನ್ನು 1905ರಲ್ಲಿ ಪ್ರಕಟಿಸಿದನು. ಇವು ಒಂದೇ ಕುಲದ ಭಾಷೆಗಳೆಂಬ ವಾದವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ರಚನೆಯ ಹೋಲಿಕೆಯು ರಕ್ತಸಂಬಂಧಕ್ಕೆ ಪ್ರಮಾಣವಾಗಲಾರದು. ಆದರೆ ಕಲಿಯುವವನಿಗೆ ವಂಶವೃಕ್ಷದ ಚಿಂತೆ ಬೇಕಿಲ್ಲ, ಹೋಲಿಕೆಯೇ ಸಾಕು.

ಮೊದಲನೆಯದಾಗಿ, ‘ಇಷ್ಟ’ದ ವಿಚಾರ. ಕನ್ನಡಿಗನು ‘ನನಗೆ ಸಂಗೀತ ಇಷ್ಟ’ ಎನ್ನುತ್ತಾನೆ. ಇಷ್ಟಪಡುವವನು ಚತುರ್ಥೀ ವಿಭಕ್ತಿಯಲ್ಲಿ ಒಂದು ಪಕ್ಕಕ್ಕೆ ನಿಂತಿರುತ್ತಾನೆ. ಪ್ರಥಮೆಯ ಪೀಠದಲ್ಲಿ ಕುಳಿತಿರುವುದು ಸಂಗೀತ. ಕೊರಿಯನ್ನರ ವಾಕ್ಯದಲ್ಲಿಯೂ ‘ನನ್ನ ಮಟ್ಟಿಗೆ ಸಂಗೀತ ಚೆನ್ನ’ ಎಂಬಂತೆ ಸಂಗೀತವೇ ಕರ್ತೃಸ್ಥಾನವನ್ನು ಪಡೆಯುತ್ತದೆ. ಇಂಗ್ಲಿಷಿನಲ್ಲಿ ಪೀಠವು ಅದಲುಬದಲಾಗುತ್ತದೆ: ‘ಐ ಲೈಕ್ ಮ್ಯೂಸಿಕ್.’ ಅಲ್ಲಿ ಮನುಷ್ಯನೇ ಕರ್ತೃ, ಸಂಗೀತವು ಕರ್ಮ. ಈ ಸ್ಥಾನಪಲ್ಲಟವನ್ನು ಒಮ್ಮೆ ತಾಯ್ನುಡಿಯ ವಿಭಕ್ತಿಯ ಮೂಲಕ ವಿವರಿಸಿದರೆ, ‘ಇಂಟರೆಸ್ಟೆಡ್’, ‘ಇಂಟರೆಸ್ಟಿಂಗ್’ ಎಂಬ ಜೋಡಿಯ ಗೊಂದಲವೂ ತಿಳಿಯಾಗುತ್ತದೆ. ‘ಐ ಆಮ್ ಇಂಟರೆಸ್ಟಿಂಗ್ ಇನ್ ಕ್ರಿಕೆಟ್’ ಎಂದು ಹೇಳುವ ವಿದ್ಯಾರ್ಥಿಗಳು ಎರಡು ದೇಶಗಳಲ್ಲಿಯೂ ಇದ್ದಾರೆ. ಒಂದು ಶಬ್ದವು ಆಸಕ್ತನನ್ನು ಹೇಳುತ್ತದೆ, ಇನ್ನೊಂದು ಆಸಕ್ತಿಯನ್ನು ಹುಟ್ಟಿಸುವ ವಸ್ತುವನ್ನು ಹೇಳುತ್ತದೆ ಎಂದು ತಿಳಿಸಿದರೆ ಬಾಲಕನೂ ಗ್ರಹಿಸಿಯಾನು; ಸೂತ್ರಗಳ ಪಟ್ಟಿಯನ್ನು ಉರುಹೊಡೆಯಬೇಕಿಲ್ಲ.

ಎರಡನೆಯದು, ಈ ವಿಷಯದ ಹೃದಯವೆನ್ನಬಹುದಾದ ಸಮುಚ್ಚಯ. ಇಬ್ಬರ ಅಭಿರುಚಿ ಒಂದೇ ಎಂಬುದನ್ನು ತಿಳಿಸಲು ಕನ್ನಡಕ್ಕೆ ಒಂದು ಸ್ವರ ಸಾಕು. ‘ನಾನು’ ಎಂಬುದರ ಕೊನೆಯನ್ನು ಎಳೆದು ‘ನಾನೂ’ ಎಂದರೆ ಆಯಿತು. ‘ನನಗೆ’ ಎಂಬುದು ‘ನನಗೂ’ ಆದರೆ ಆಯಿತು. ಹಳಗನ್ನಡದಲ್ಲಿ ‘ಉಂ’ ಎಂದಿದ್ದ ಪ್ರತ್ಯಯವೇ ಸವೆದು ಹೀಗೆ ದೀರ್ಘವಾಗಿ ಉಳಿದಿದೆ. ಕೊರಿಯನ್ ಭಾಷೆಯಲ್ಲಿ ‘ನಾ’ ಎಂದರೆ ನಾನು, ‘ನಾದೊ’ ಎಂದರೆ ನಾನೂ. ‘ದೊ’ ಎಂಬುದೇ ಅವರ ಸಮುಚ್ಚಯ. ಹೇಳಿದ ಮಾತು ವಿಧಿಯಾಗಲಿ ನಿಷೇಧವಾಗಲಿ ಪ್ರತ್ಯಯವು ಬದಲಾಗುವುದಿಲ್ಲ: ‘ನಾನೂ ಹೋಗಿದ್ದೇನೆ’, ‘ನಾನೂ ಹೋಗಿಲ್ಲ.’ ಇಂಗ್ಲಿಷಿನಲ್ಲಿ ಹಾಗಲ್ಲ. ಎದುರಿನವನು ‘ಐ ಲೈಕ್’ ಎಂದರೆ ‘ಸೋ ಡೂ ಐ’, ‘ಐ ಆಮ್’ ಎಂದರೆ ‘ಸೋ ಆಮ್ ಐ’, ‘ಐ ವೆಂಟ್’ ಎಂದರೆ ‘ಸೋ ಡಿಡ್ ಐ’, ‘ಐ ಕ್ಯಾನ್’ ಎಂದರೆ ‘ಸೋ ಕ್ಯಾನ್ ಐ.’ ಎದುರಿನವನು ‘ಇಲ್ಲ’ವೆಂದರಂತೂ ಮಾತೇ ಬೇರೆ: ‘ನೈದರ್ ಡೂ ಐ.’ ಎದುರಿನವನು ‘ನನಗೆ ಮಾಂಸಾಹಾರ ಸೇರದು’ ಎಂದಾಗ ‘ಮೀ ಟೂ’ ಎನ್ನುವ ತಪ್ಪನ್ನು ಕನ್ನಡಿಗನೂ ಮಾಡುತ್ತಾನೆ, ಕೊರಿಯದವನೂ ಮಾಡುತ್ತಾನೆ. ಅಲ್ಲಿ ‘ಮೀ ನೈದರ್’ ಎನ್ನಬೇಕು. ಇಷ್ಟು ರೂಪಗಳು ಕೂಡಲೇ ನಾಲಗೆಗೆ ಬಾರದಿರುವಾಗ ಆರಂಭಿಕನು ಅಂಜಿ ಸುಮ್ಮನಾಗುವುದು ಸಹಜ. ಅವನಿಗೆ ಹೇಳಬೇಕಾದದ್ದು ಇಷ್ಟೆ: ತಪ್ಪಿದ ‘ಮೀ ಟೂ’ ಎಂಬುದು ತಪ್ಪದ ಮೌನಕ್ಕಿಂತ ಮೇಲು. ಕೇಳುವವನ ಕಿವಿಗೆ ಬೀಳುವುದು ವ್ಯಾಕರಣವಲ್ಲ, ಜೊತೆಗಾರಿಕೆ.

ಮೂರನೆಯದು ಆಟಪಾಟಗಳ ಕ್ರಿಯಾಪದಗಳು. ಇಲ್ಲಿ ಕನ್ನಡಿಗನ ದಾರಿ ತುಸು ಸುಗಮ. ಚೆಂಡನ್ನು ‘ಆಡು’ವುದು, ಈಜಲು ‘ಹೋಗು’ವುದು, ಯೋಗವನ್ನು ‘ಮಾಡು’ವುದು, ಇಂಗ್ಲಿಷಿನ ‘ಪ್ಲೇ’, ‘ಗೋ’, ‘ಡೂ’ ಇವಕ್ಕೆ ಬಹುಮಟ್ಟಿಗೆ ಸರಿಹೊಂದುತ್ತವೆ. ಕೊರಿಯನ್ನರು ಕಾಲ್ಚೆಂಡನ್ನು ‘ಮಾಡು’ತ್ತಾರೆ, ಬ್ಯಾಡ್ಮಿಂಟನ್ನನ್ನು ‘ಹೊಡೆ’ಯುತ್ತಾರೆ; ಅವರಿಗೆ ಇದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಉಚ್ಚಾರಣೆಯಲ್ಲಿಯೂ ಇಬ್ಬರೂ ನೆರೆಹೊರೆಯವರೇ. ಇಂಗ್ಲಿಷಿನ ತುಟಿಹಲ್ಲಿನ ಫಕಾರವು ಎರಡು ಭಾಷೆಗಳ ನೆಲದಲ್ಲಿಯೂ ಹುಟ್ಟಿದ ಧ್ವನಿಯಲ್ಲ. ಹಳ್ಳಿಯ ಕನ್ನಡಿಗನು ‘ಕಾಪಿ’ ಕುಡಿಯುತ್ತಾನೆ. ಕೊರಿಯದವನೂ ಪಕಾರದಿಂದಲೇ ‘ಕೊಪಿ’ ಕುಡಿಯುತ್ತಾನೆ. ಇದಕ್ಕಾಗಿ ನಾಚುವ ಕಾರಣ ಇಬ್ಬರಿಗೂ ಇಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಆಚಾರದ ಭೇದ. ಮಧ್ಯಾಹ್ನ ಎದುರಾದವರನ್ನು ‘ಊಟ ಆಯಿತೇ’ ಎಂದು ವಿಚಾರಿಸುವುದು ಕನ್ನಡನಾಡಿನ ಸೌಜನ್ಯ. ‘ಅನ್ನ ಉಂಡಿರಾ’ ಎಂದು ಕೇಳುವುದು ಕೊರಿಯಾದ ಸೌಜನ್ಯ. ಅದೇ ಮಾತನ್ನು ಇಂಗ್ಲಿಷಿಗಿಳಿಸಿ ಇಂಗ್ಲೆಂಡಿನವನಿಗೆ ಹೇಳಿದರೆ ಅವನು ಊಟಕ್ಕೆ ಕರೆಯುತ್ತಿದ್ದಾರೆಂದು ತಿಳಿದಾನು. ಕನ್ನಡಿಗನು ಹೆತ್ತವಳನ್ನು ‘ನಮ್ಮ ಅಮ್ಮ’ ಎನ್ನುತ್ತಾನೆ; ಕೊರಿಯದವನು ‘ನಮ್ಮ’ ಎಂಬರ್ಥದ ‘ಉರಿ’ ಎಂಬ ಶಬ್ದವನ್ನು ತಾಯಿಗೂ ಮನೆಗೂ ದೇಶಕ್ಕೂ ಸೇರಿಸುತ್ತಾನೆ. ಇಬ್ಬರೂ ಬಹುವಚನದ ಸಂಸ್ಕೃತಿಯವರು. ಇಂಗ್ಲಿಷಿನ ಒಂದೇ ‘ಯೂ’ ಎಂಬ ಸಂಬೋಧನೆಯಲ್ಲಿ ‘ನೀನು’, ‘ನೀವು’, ‘ತಾವು’ ಎಲ್ಲವೂ ಅಡಗಿರುವುದರಿಂದ, ಹಿರಿಯರಿಗೆ ಅಗೌರವವಾದೀತೆಂಬ ಅಳುಕು ಇಬ್ಬರನ್ನೂ ಕಾಡುತ್ತದೆ. ಆದುದರಿಂದಲೇ ಕೊರಿಯಾದಲ್ಲಿ ಹೊಸಬರು ಕಲೆತಾಗ ವಯಸ್ಸನ್ನು ಬೇಗನೆ ವಿಚಾರಿಸುವ ರೂಢಿಯಿದೆ. ವಯಸ್ಸು ತಿಳಿಯದೆ ಯಾವ ಮಟ್ಟದ ಗೌರವವಾಚಕವನ್ನು ಬಳಸಬೇಕೆಂಬುದು ತಿಳಿಯದು.

ಕನ್ನಡನಾಡಿನಲ್ಲಿ ಮೊದಲು ವಿಚಾರಿಸುವುದು ಏನನ್ನು? ‘ಯಾವ ಊರು?’ ಎಂಬುದು ಮೊದಲ ಪ್ರಶ್ನೆ. ಅದರಲ್ಲಿ ಮಮತೆಯೇ ಇದೆ. ಊರು ತಿಳಿದೊಡನೆ ಅಲ್ಲಿಯ ನಂಟರ ಹೆಸರು, ಜಾತ್ರೆ, ಸಂತೆ ಎಲ್ಲವೂ ಮಾತಿಗೆ ಒದಗುತ್ತವೆ. ಆದರೆ ಎರಡನೆಯ ಪ್ರಶ್ನೆ ‘ಯಾರ ಪೈಕಿ?’ ಎಂಬುದಾಗಿ ಬಿಡುತ್ತದೆ. ಅಲ್ಲಿ ಮಮತೆ ಮುಗಿದು ಅಳತೆ ಆರಂಭವಾಗುತ್ತದೆ. ಎದುರಿನವನು ಏನಾಗಿ ಹುಟ್ಟಿದನೆಂದು ತಿಳಿದ ಮೇಲೆಯೇ ಅವನೊಡನೆ ಎಷ್ಟು ಮಾತು, ಎಂತಹ ಮಾತು ಎಂಬ ನಿರ್ಣಯವಾಗುತ್ತದೆ. ಹೊರವಲಯದ ಬಾಡಿಗೆ ಕೋಣೆಗಳಲ್ಲಿ ಕೂಡಿ ಬಾಳುವ ತರುಣರ ನಡುವೆಯೂ ಈ ಎರಡನೆಯ ಪ್ರಶ್ನೆ ಸತ್ತಿಲ್ಲ.

ಸಮಾನಾಭಿರುಚಿಯ ಮಾತಿನ ನಿಜವಾದ ಬೆಲೆ ಇಲ್ಲಿ ಗೋಚರಿಸುತ್ತದೆ. ‘ನಿಮಗೆ ಏನು ಇಷ್ಟ?’ ಎಂಬ ಪ್ರಶ್ನೆಯು ಹುಟ್ಟನ್ನು ಕೇಳುವುದಿಲ್ಲ, ವಯಸ್ಸನ್ನು ಕೇಳುವುದಿಲ್ಲ, ಸಂಬಳವನ್ನು ಕೇಳುವುದಿಲ್ಲ. ಹುಟ್ಟು ತಾನು ಆರಿಸಿಕೊಂಡದ್ದಲ್ಲ. ಅಭಿರುಚಿಯು ತಾನೇ ಬೆಳೆಸಿಕೊಂಡದ್ದು. ಬ್ಯಾಡ್ಮಿಂಟನ್ನಿನ ಅಂಗಳದಲ್ಲಿ ಬಲೆಯ ಆಚೆ ಈಚೆ ನಿಂತವರಿಗೆ ಬೇರೆ ಭೇದವಿಲ್ಲ. ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದುದನ್ನು ಕನ್ನಡಿಗನು ಹೇಳಿದರೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆನ್ ಸೆ-ಯಂಗ್ ಎಂಬ ತರುಣಿಯು ಸ್ವರ್ಣಪದಕವನ್ನು ಗೆದ್ದುದನ್ನು ಕೊರಿಯದವನು ಹೇಳುತ್ತಾನೆ. ಅರ್ಧ ಗಂಟೆ ಹೋದುದೇ ತಿಳಿಯುವುದಿಲ್ಲ. ಉಪ್ಪಿನಕಾಯಿಯ ಭರಣಿಯ ಮಾತು ತೆಗೆದರೆ ಅತ್ತಲಿಂದ ಕಿಮ್ಚಿಯ ಭರಣಿ ತೆರೆಯುತ್ತದೆ. ಅಭಿರುಚಿಯ ಮೂಲಕ ಕಟ್ಟುವ ಸ್ನೇಹವು ಸಮಾನರ ಸ್ನೇಹ. ಇದನ್ನು ಬರಿಯ ಹರಟೆಯೆಂದು ತಳ್ಳಿಹಾಕುವುದು ಅವಿವೇಕ.

ಕನ್ನಡ ಶಾಲೆಯಲ್ಲಿ ಇಂಗ್ಲಿಷಿನ ಸಲ್ಲಾಪವನ್ನು ಕಲಿಸಬೇಕೆಂಬ ಸಲಹೆ ಕೆಲವರಿಗೆ ರುಚಿಸದಿರಬಹುದು. ಇದರಿಂದ ಕನ್ನಡಕ್ಕೆ ಹಾನಿಯೆಂಬ ಆಕ್ಷೇಪವನ್ನು ಲಘುವಾಗಿ ಕಾಣಬಾರದು. ಹೊರವಲಯದ ಎಷ್ಟೋ ಬೀದಿಗಳಲ್ಲಿ ಕನ್ನಡವು ಇಂದು ಅತಿಥಿಯಂತೆ ನಿಂತಿರುವುದು ನಿಜ. ಆದರೆ ಹಾನಿಯ ಮೂಲವು ಬೇರೆಡೆಯಲ್ಲಿದೆ. ಹಳ್ಳಿಯಿಂದ ಬಂದ ಹುಡುಗನು ಊಟದ ಮನೆಯಲ್ಲಿ ಮೂಕನಾಗಿ ಕುಳಿತಾಗ, ತನ್ನ ಮೌನಕ್ಕೆ ಕಾರಣವಾದುದು ಕನ್ನಡ ಮಾಧ್ಯಮವೇ ಎಂದು ಅವನು ಬಗೆಯುತ್ತಾನೆ. ತನ್ನ ಮಕ್ಕಳಿಗೆ ಆ ಗತಿ ಬೇಡವೆಂದು ಅವರನ್ನು ಕನ್ನಡದಿಂದಲೇ ದೂರವಿರಿಸುತ್ತಾನೆ. ಹೀಗೆ ಒಬ್ಬನ ಒಂದು ದಿನದ ಸಂಕೋಚವು ಒಂದು ತಲೆಮಾರಿನ ಭಾಷಾತ್ಯಾಗವಾಗಿ ಪರಿಣಮಿಸುತ್ತದೆ. ನಾಲ್ಕು ಮಾತು ಇಂಗ್ಲಿಷನ್ನು ಧೈರ್ಯವಾಗಿ ಆಡಬಲ್ಲವನಿಗೆ ಕನ್ನಡವನ್ನು ದೂರುವ ಪ್ರಮೇಯವೇ ಬರುವುದಿಲ್ಲ. ಮೇಲಾಗಿ, ಅಭಿರುಚಿಯೇ ಇಲ್ಲದವನಿಗೆ ಯಾವ ಭಾಷೆಯೂ ಒದಗದು; ಆ ಅಭಿರುಚಿಯು ಬೆಳೆಯುವುದು ತಾಯ್ನುಡಿಯಲ್ಲಿಯೇ. ಗಮಕವನ್ನು ಕೇಳಿ ಬೆಳೆದವನು, ಕಬಡ್ಡಿಯನ್ನು ಆಡಿ ಬೆಳೆದವನು, ತೋಟದಲ್ಲಿ ಕಸಿ ಕಟ್ಟಲು ಕಲಿತವನು ಹೇಳುವುದಕ್ಕೆ ಏನನ್ನಾದರೂ ಪಡೆದಿರುತ್ತಾನೆ. ಬರಿಯ ವಾಕ್ಯಗಳನ್ನು ಉರುಹೊಡೆದವನ ಬಳಿ ಪಾತ್ರೆಯಿದೆ, ಬಡಿಸಲು ಪದಾರ್ಥವಿಲ್ಲ.

ಆದುದರಿಂದ ಶಾಲೆಗಳು ಮಾಡಬೇಕಾದ ಕಾರ್ಯ ಕಠಿಣವಾದುದಲ್ಲ. ‘ಮೈ ಹಾಬಿ’ ಎಂಬ ಸಿದ್ಧಪ್ರಬಂಧವನ್ನು ಕಪ್ಪು ಹಲಗೆಯ ಮೇಲೆ ಬರೆದು ಅರುವತ್ತು ಮಕ್ಕಳಿಂದ ನಕಲು ಮಾಡಿಸುವ ಪದ್ಧತಿಯನ್ನು ಮೊದಲು ಬಿಡಬೇಕು. ಅರುವತ್ತು ಮಕ್ಕಳಿಗೂ ಪುಸ್ತಕ ಓದುವುದೇ ಹವ್ಯಾಸವೆಂದು ಬರೆಯಿಸುವುದು ಅರುವತ್ತು ಸುಳ್ಳುಗಳನ್ನು ಬರೆಯಿಸಿದಂತೆ. ಪ್ರತಿಯೊಬ್ಬನೂ ತಾನು ನಿಜವಾಗಿ ಮೆಚ್ಚುವ ಒಂದು ವಿಷಯವನ್ನು ಮೊದಲು ಕನ್ನಡದಲ್ಲಿ ಐದು ನಿಮಿಷ ಹೇಳಲಿ; ಬಳಿಕ ಅದರಲ್ಲಿ ಐದು ವಾಕ್ಯಗಳನ್ನು ಇಂಗ್ಲಿಷಿಗೆ ತಾನೇ ತರಲಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬನ ಉತ್ತರದಿಂದ ಇನ್ನೊಬ್ಬನು ಹೊಸ ಪ್ರಶ್ನೆಯೊಂದನ್ನು ಹುಟ್ಟಿಸುವುದನ್ನು ಅಭ್ಯಾಸ ಮಾಡಿಸಬೇಕು. ಪುಸ್ತಕವೆಂದರೆ ಯಾವ ಪುಸ್ತಕ, ಬೆಟ್ಟವೆಂದರೆ ಯಾವ ಬೆಟ್ಟ, ಯಾರೊಡನೆ, ಎಂದಿನಿಂದ? ಅಭಿರುಚಿ ಕೂಡದಿದ್ದಾಗಲೂ ಮಾತನ್ನು ಮುರಿಯದೆ ನಡೆಸುವ ವಿನಯವನ್ನು ಕಲಿಸಬೇಕು: ‘ಅದನ್ನು ನಾನು ಅರಿಯೆ, ದಯವಿಟ್ಟು ಹೇಳಿ’ ಎನ್ನುವುದು ‘ನನಗೂ ಇಷ್ಟ’ ಎನ್ನುವುದಕ್ಕಿಂತ ಕಡಿಮೆಯ ಸ್ನೇಹವಲ್ಲ. ಮೆಚ್ಚದಿರುವುದನ್ನು ಮೆಚ್ಚಿದೆನೆಂದು ನಟಿಸುವ ಅಭ್ಯಾಸವನ್ನಂತೂ ಎಂದಿಗೂ ಕಲಿಸಬಾರದು.

ಇನ್ನೊಂದು ಕರ್ತವ್ಯವೂ ಇದೆ. ಸೇತುವೆಗೆ ಎರಡು ದಡಗಳು. ಬಂದವರಿಗೆ ಕನ್ನಡ ಬೇಡವೆಂದು ಆತಿಥೇಯರೇ ತೀರ್ಮಾನಿಸಿ ಅವರೊಡನೆ ಅರೆಬರೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತನಾಡುವುದು ಔದಾರ್ಯವೆಂಬ ಹೆಸರಿನ ಉದಾಸೀನ. ಅಭಿರುಚಿಯೇ ಭಾಷೆಯ ಹೆಬ್ಬಾಗಿಲೆಂಬುದಕ್ಕೆ ಫರ್ಡಿನೆಂಡ್ ಕಿಟ್ಟೆಲರೇ ಸಾಕ್ಷಿ. 1853ರಲ್ಲಿ ಜರ್ಮನಿಯಿಂದ ಕರ್ನಾಟಕಕ್ಕೆ ಬಂದ ಅವರಿಗೆ ಕನ್ನಡದ ಛಂದಸ್ಸಿನಲ್ಲಿ ಆಸಕ್ತಿ ಹುಟ್ಟಿತು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಆ ಮಹಾನಿಘಂಟು ಹೊರಬಂದಿತು. ಎಲ್ಲರೂ ಕಿಟ್ಟೆಲರಾಗಬೇಕಿಲ್ಲ. ಪೀಣ್ಯಕ್ಕೆ ಬಂದ ಒಡಿಶಾದವನಿಗೂ ವೈಟ್‌ಫೀಲ್ಡಿಗೆ ಬಂದ ಕೊರಿಯದವನಿಗೂ ಮೂರು ವಾಕ್ಯಗಳನ್ನು ಕಲಿಸಿದರೆ ಸಾಕು: ‘ನಿಮಗೆ ಏನು ಇಷ್ಟ?’, ‘ನನಗೂ ಇಷ್ಟ’, ‘ಜೊತೆಗೆ ಹೋಗೋಣವೇ?’ ಕೊರಿಯದವನಿಗಂತೂ ಕ್ರಿಯಾಪದದ ಸ್ಥಾನವನ್ನು ಹೇಳಿಕೊಡಬೇಕಿಲ್ಲ. ‘ದೊ’ ಎಂಬಲ್ಲಿ ‘ಊ’ ಎಂದು ಹೇಳಿಕೊಟ್ಟರೆ ಆಯಿತು.

ಪೀಣ್ಯದ ಆ ಚಹಾದ ವೇಳೆಗೆ ಮರಳಿ ಹೋಗುವುದಾದರೆ, ಅಲ್ಲಿ ಬೇಕಾಗಿದ್ದುದು ಪಾಂಡಿತ್ಯವಲ್ಲ. ‘ವಾಟ್ ಡು ಯು ಡು ಆನ್ ಸಂಡೇಸ್?’ ಎಂದು ಅತಿಥಿಯು ಕೇಳಿದ್ದರೆ, ‘ಐ ಗೋ ಅಪ್ ದಿ ಹಿಲ್ಸ್’ ಎಂದು ಈತನು ಇದ್ದುದನ್ನು ಇದ್ದಂತೆ ಹೇಳಿದ್ದರೆ, ‘ಸೋ ಡೂ ಐ! ವಿಚ್ ಹಿಲ್ಸ್?’ ಎಂಬ ಮಾತು ತಾನಾಗಿ ಬರುತ್ತಿತ್ತು. ಮುಂದಿನ ಭಾನುವಾರ ಇಬ್ಬರೂ ತುಮಕೂರು ಹೆದ್ದಾರಿಯಲ್ಲಿ ಬಸ್ಸಿಳಿದು ಶಿವಗಂಗೆಯ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ಅರ್ಧ ಬೆಟ್ಟದಲ್ಲಿ ದಣಿದು ಕುಳಿತಾಗ ಒಬ್ಬನು ‘ಸಾಕಾಯಿತು’ ಎಂದರೆ, ಅದರ ಅರ್ಥವನ್ನು ಯಾರೂ ಹೇಳಿಕೊಡದೆಯೇ ಇನ್ನೊಬ್ಬನು ಬೆವರೊರೆಸಿಕೊಳ್ಳುತ್ತ ‘ನನಗೂ’ ಎನ್ನುತ್ತಿದ್ದನು.